ಬೈಗುಳ ಯಾವುದು, ಬಹಿಷ್ಕಾರದ ಡಂಗುರ ಯಾವುದು? ಜಾಲತಾಣದ ಮಾತಿಗೆ ಗೆರೆ ಎಲ್ಲಿ ಎಳೆಯಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ತುಂಗೆಯ ದಡದಲ್ಲಿರುವ ನಮ್ಮ ಊರಿನ ಹೆಸರಿನಲ್ಲಿ ಒಂದು ಜಾಲತಾಣ ಗುಂಪನ್ನು ನಾನು ಮತ್ತು ಇನ್ನಿಬ್ಬರು ಆರೇಳು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇವೆ. ಅಡಿಕೆ ಧಾರಣೆ, ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ತಪ್ಪಿಸಿಕೊಂಡ ದನ, ರಕ್ತ ಬೇಕಾದ ರೋಗಿ, ಇಂಥ ಮಾತುಗಳೇ ಅಲ್ಲಿ ಹೆಚ್ಚು. ಹೋದ ತಿಂಗಳು ಜಾತ್ರೆಯ ವಾರದಲ್ಲಿ ಅಲ್ಲಿ ಪ್ರಕಟವಾದ ಎರಡು ಬರಹಗಳು ನನ್ನ ನಿದ್ದೆ ಕೆಡಿಸಿವೆ. ಅದಕ್ಕಾಗಿ ನಿಮ್ಮೆಲ್ಲರ ಅಭಿಪ್ರಾಯ ಕೇಳುತ್ತಿದ್ದೇನೆ.

ಮೊದಲನೆಯದರಲ್ಲಿ ಒಂದೇ ಒಂದು ಕೆಟ್ಟ ಪದವಿರಲಿಲ್ಲ. ‘ಬಂಧುಗಳೇ, ಜಾತ್ರೆಯಲ್ಲಿ ಕೊಳ್ಳುವ ಮುಂಚೆ ಅಂಗಡಿಯವರ ಹೆಸರು ಒಮ್ಮೆ ಕೇಳಿ, ನಮ್ಮ ಹಣ ನಮ್ಮಲ್ಲೇ ಉಳಿಯಲಿ, ಧನ್ಯವಾದಗಳು’ ಎಂದಷ್ಟೇ ಇತ್ತು. ಕೆಳಗೆ ಬಳೆ ಮಾರುವವರೊಬ್ಬರ ಗಾಡಿಯ ಫೋಟೊ ಇತ್ತು, ಅದರ ನಂಬರ್ ಪ್ಲೇಟ್ ಸ್ಪಷ್ಟವಾಗಿ ಓದುವ ಹಾಗಿತ್ತು. ಆ ಬಳೆಗಾರರು ನಮ್ಮ ಜಾತ್ರೆಗೆ ಬರತೊಡಗಿ ಇಪ್ಪತ್ತೈದು ವರ್ಷಗಳ ಮೇಲಾಯಿತು. ನನ್ನ ಮಗಳ ಕೈಗೆ ಮೊದಲ ಗಾಜಿನ ಬಳೆ ತೊಡಿಸಿದವರು ಅವರೇ. ಎರಡನೆಯದನ್ನು ಬರೆದವರು ನಮ್ಮೂರಿನ ಒಬ್ಬ ಯುವತಿ. ತಾವು ಏಳನೆಯ ತರಗತಿಯಲ್ಲಿದ್ದಾಗ ಒಂದು ಮದುವೆಮನೆಯಲ್ಲಿ ಊಟದ ಪಂಕ್ತಿಯಿಂದ ತಮ್ಮನ್ನು ಎಬ್ಬಿಸಿ ಕಳುಹಿಸಿದ್ದನ್ನು ನೆನೆದು, ಆಗ ತಮ್ಮನ್ನು ಕರೆದ ಜಾತಿಯ ಬೈಗುಳವನ್ನು ಇದ್ದದ್ದು ಇದ್ದಂತೆ ಬರೆದಿದ್ದರು.

ಆ ಯುವತಿಯ ಬರಹವನ್ನು ಜಾಲತಾಣವು ಹತ್ತು ನಿಮಿಷದೊಳಗೆ ತೆಗೆದುಹಾಕಿತು. ದ್ವೇಷದ ಭಾಷೆ ಬಳಸಿದ್ದೀರಿ ಎಂದು ಅವರ ಖಾತೆಯನ್ನೂ ತಿಂಗಳ ಮಟ್ಟಿಗೆ ನಿರ್ಬಂಧಿಸಿತು. ಬಳೆಗಾರರ ಗಾಡಿಯ ಫೋಟೊ ಬಗ್ಗೆ ನಾನು ದೂರು ಕೊಟ್ಟಾಗ ನಿಯಮ ಮೀರಿದ್ದು ಏನೂ ಕಂಡುಬಂದಿಲ್ಲ ಎಂಬ ಉತ್ತರ ಬಂತು. ಕೊನೆಗೆ ನಾನೇ ಅದನ್ನು ಗುಂಪಿನಿಂದ ತೆಗೆದೆ. ಅಂದಿನಿಂದ ‘ಮೇಷ್ಟ್ರು ವಾಕ್ ಸ್ವಾತಂತ್ರ್ಯದ ಕತ್ತು ಹಿಸುಕಿದರು’ ಎಂಬ ಆರೋಪ ಕೇಳುತ್ತಿದ್ದೇನೆ.

ನನಗೆ ಅನ್ನಿಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ಹುಟ್ಟಿದವರಿಗೆ ಬಹಿಷ್ಕಾರ ಎಂಬ ಪದದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಂಥವರ ಮನೆಗೆ ನೀರು ಕೊಡಬೇಡಿ, ಕೂಲಿಗೆ ಕರೆಯಬೇಡಿ, ಅಂಗಡಿಯಲ್ಲಿ ಸಾಮಾನು ಕೊಡಬೇಡಿ ಎಂದು ತಮಟೆ ಬಡಿದು ಡಂಗುರ ಸಾರುತ್ತಿದ್ದವನು ಯಾರನ್ನೂ ಬೈಯುತ್ತಿರಲಿಲ್ಲ, ಊರಿನ ತೀರ್ಮಾನವನ್ನು ತಣ್ಣಗೆ ಒಪ್ಪಿಸುತ್ತಿದ್ದ. ಅಷ್ಟರಿಂದಲೇ ಒಂದು ಕುಟುಂಬ ಊರು ಬಿಡುತ್ತಿತ್ತು. ದ್ವೇಷದ ಮಾತನ್ನು ಅದರ ಒರಟುತನದಿಂದ ಅಳೆಯುವುದೇ ತಪ್ಪು ಎಂದು ನನ್ನ ನಂಬಿಕೆ. ಯಾರನ್ನು ಎಲ್ಲರೂ ನಡೆಯುವ ಬೀದಿಯಿಂದ ಹೊರಗಿಡಲು ಅದು ಕರೆ ಕೊಡುತ್ತಿದೆ ಎಂಬುದನ್ನು ನೋಡಬೇಕು. ನಾನು ಮಾಡಿದ್ದು ಸರಿಯೇ? ಈ ಅಳತೆಗೋಲು ಕಾನೂನಿನ ಮುಂದೆ, ಅನುಭವದ ಮುಂದೆ ನಿಲ್ಲುತ್ತದೆಯೇ?

ನ್ಯಾಯವಾದಿ, ಮೈಸೂರು:

ತುಂಗಾತೀರ ಅವರೇ, ನಿಮ್ಮ ಮೇಲಿನ ಆರೋಪದ ವಿಷಯ ಮೊದಲು ಮುಗಿಸುತ್ತೇನೆ. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿ ಮುಖ್ಯವಾಗಿ ಸರ್ಕಾರದ ಕೈಯನ್ನು ಕಟ್ಟುತ್ತದೆಯೇ ಹೊರತು ಒಂದು ಊರಿನ ಗುಂಪು ನೋಡಿಕೊಳ್ಳುವವರ ಕೈಯನ್ನಲ್ಲ. ನಿಮ್ಮ ಜಗುಲಿಯಲ್ಲಿ ಯಾವ ಚೀಟಿ ಅಂಟಿಸಬಹುದು ಎಂದು ನೀವು ತೀರ್ಮಾನಿಸಿದರೆ ಅದು ಸೆನ್ಸಾರ್ ಆಗುವುದಿಲ್ಲ. ಜೈಲು ಮತ್ತು ಪೊಲೀಸರ ಮಾತು ಬಂದಾಗ ಮಾತ್ರ ಪ್ರಶ್ನೆ ಬಿಗಿಯಾಗುತ್ತದೆ, ಬಿಗಿಯಾಗಲೂಬೇಕು.

19(2)ನೆಯ ವಿಧಿಯಲ್ಲಿ ಮಾತನ್ನು ನಿರ್ಬಂಧಿಸಲು ಎಣಿಸಿ ಕೊಟ್ಟ ಕಾರಣಗಳಿವೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಂದಿಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಮನಸ್ಸಿಗೆ ನೋವು, ಕಿರಿಕಿರಿ ಎಂಬ ಕಾರಣಗಳು ಅದರಲ್ಲಿಲ್ಲ. ಆದರೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ಕಿರಿಕಿರಿ, ಅನನುಕೂಲ ಉಂಟುಮಾಡುವ ಸಂದೇಶಕ್ಕೂ ಮೂರು ವರ್ಷದವರೆಗೆ ಸಜೆ ಇಟ್ಟಿತ್ತು. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ಅವರ ನಿಧನದ ಬಳಿಕ ನಡೆದ ಬಂದ್ ಅನ್ನು ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಬರೆದ ಮಹಾರಾಷ್ಟ್ರದ ಪಾಲ್ಘರ್‌ನ ಒಬ್ಬ ಯುವತಿ ಮತ್ತು ಅದನ್ನು ಮೆಚ್ಚಿದ ಆಕೆಯ ಗೆಳತಿ ಇಬ್ಬರೂ ಬಂಧನಕ್ಕೆ ಒಳಗಾದರು. ಶ್ರೇಯಾ ಸಿಂಘಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಆ ಕಲಮನ್ನೇ ರದ್ದುಗೊಳಿಸಿತು. ಆ ತೀರ್ಪು ಮಾತಿಗೆ ಮೂರು ಹಂತಗಳನ್ನು ಗುರುತಿಸಿತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲ ಎರಡು ಎಷ್ಟೇ ಕಹಿಯಾಗಿದ್ದರೂ ಅವಕ್ಕೆ ರಕ್ಷಣೆಯಿದೆ. ಮೂರನೆಯದಕ್ಕೆ ಮುಟ್ಟಿದಾಗಲೇ ಕಾನೂನು ಕೈಹಾಕಬಹುದು.

ನಿಮ್ಮ ಡಂಗುರ ಯಾವ ಹಂತದ್ದು? ಕಾನೂನು ಇದಕ್ಕೆ ಭಾಗಶಃ ಉತ್ತರ ಕೊಟ್ಟಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ ತಂದು 2016ರ ಜನವರಿ 26ರಿಂದ ಜಾರಿಗೊಳಿಸಿದ ತಿದ್ದುಪಡಿಯಲ್ಲಿ, ಆ ಸಮುದಾಯದವರ ಮೇಲೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹೇರುವುದು ಮಾತ್ರವಲ್ಲ, ಹೇರುವುದಾಗಿ ಬೆದರಿಸುವುದೂ ಅಪರಾಧ. ಅಂದರೆ ಬಹಿಷ್ಕಾರವು ಬರಿಯ ಅಭಿಪ್ರಾಯವಲ್ಲ, ಕೃತ್ಯ ಎಂದು ಸಂಸತ್ತು ಒಪ್ಪಿದೆ. ಧರ್ಮದ ಹೆಸರಿನಲ್ಲಿ ನಡೆಯುವ ವ್ಯಾಪಾರ ಬಹಿಷ್ಕಾರಕ್ಕೆ ಇಷ್ಟು ನೇರವಾದ ಕಲಮು ಕೇಂದ್ರದ ಕಾನೂನಿನಲ್ಲಿಲ್ಲ. ಪೊಲೀಸರು ಸಮುದಾಯಗಳ ನಡುವೆ ವೈರ ಬಿತ್ತುವ ಅಪರಾಧದ ಕಲಮನ್ನು, ಹಿಂದೆ ಭಾರತೀಯ ದಂಡ ಸಂಹಿತೆಯಲ್ಲಿ 153ಎ ಆಗಿದ್ದು ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 196 ಆಗಿರುವುದನ್ನು, ಆಶ್ರಯಿಸಬೇಕಾಗುತ್ತದೆ. ಕಾನೂನು ಆಯೋಗವು 2017ರಲ್ಲಿ ತನ್ನ 267ನೆಯ ವರದಿಯಲ್ಲಿ ದ್ವೇಷದ ಮಾತಿಗೆ ಪ್ರತ್ಯೇಕ ಕಲಮುಗಳನ್ನು ಶಿಫಾರಸು ಮಾಡಿತು. ಅವು ಹೊಸ ಸಂಹಿತೆಯಲ್ಲಿಯೂ ಸೇರಲಿಲ್ಲ.

ಸಾಲುಮರ:

ಬೆಂಗಳೂರಿನ ಒಂದು ಗುತ್ತಿಗೆ ಕಂಪನಿಯಲ್ಲಿ ನಾನು ಮೂರು ವರ್ಷ ಜಾಲತಾಣದ ಬರಹಗಳನ್ನು ಪರಿಶೀಲಿಸುವ ಕೆಲಸ ಮಾಡಿದ್ದೇನೆ. ತುಂಗಾತೀರ ಸರ್ ಬರೆದದ್ದನ್ನು ಓದಿ ನನಗೆ ಆಶ್ಚರ್ಯವಾಗಲಿಲ್ಲ, ಸಂಕಟವಾಯಿತು. ಅದು ಹೇಗೆ ನಡೆಯುತ್ತದೆ ಎಂದು ಹೇಳಿದರೆ ಚರ್ಚೆಗೆ ಉಪಯೋಗವಾದೀತು.

ಒಂದು ಬರಹ ಮೊದಲು ಯಂತ್ರದ ಕಣ್ಣಿಗೆ ಬೀಳುತ್ತದೆ. ಯಂತ್ರಕ್ಕೆ ಪದ ಗೊತ್ತು, ಪದವನ್ನು ಯಾರು ಯಾರಿಗೆ ಯಾಕೆ ಹೇಳಿದರು ಎಂಬುದು ಗೊತ್ತಾಗುವುದು ಕಡಿಮೆ. ಆ ಯುವತಿ ತಮ್ಮ ಮೇಲೆ ಎಸೆದ ಬೈಗುಳವನ್ನು ಸಾಕ್ಷಿಯಾಗಿ ಬರೆದರು. ಪಟ್ಟಿಯಲ್ಲಿದ್ದ ಪದ ಸಿಕ್ಕಿತು, ಬರಹ ಹೋಯಿತು. ಬಳೆಗಾರರ ಫೋಟೊದ ಜೊತೆ ಇದ್ದದ್ದು ಬಂಧುಗಳೇ, ಹೆಸರು, ಹಣ, ಧನ್ಯವಾದ ಎಂಬ ಪದಗಳು, ಅವುಗಳಲ್ಲಿ ಯಾವುದನ್ನು ಯಂತ್ರ ಹಿಡಿಯಬೇಕು? ನಂತರ ಅದು ನಮ್ಮಂಥವರ ಮುಂದೆ ಬಂದರೂ ಒಂದೊಂದಕ್ಕೆ ನಮಗೆ ಸಿಗುತ್ತಿದ್ದದ್ದು ಕೆಲವು ಸೆಕೆಂಡು. ಜಾತ್ರೆ, ಗಾಡಿ, ನಂಬರ್ ಪ್ಲೇಟ್ ಇವು ಸೇರಿ ಏನಾಗುತ್ತದೆ ಎಂದು ಯೋಚಿಸಲು ಅಷ್ಟು ಹೊತ್ತು ಸಾಲುವುದಿಲ್ಲ.

ಒಂದು ಉದಾಹರಣೆ ನಾನು ಮರೆಯುವುದಿಲ್ಲ. ಹುಬ್ಬಳ್ಳಿ ಕಡೆಯ ಅಜ್ಜಿಯೊಬ್ಬರು ಮೊಮ್ಮಗನ ಫೋಟೊ ಕೆಳಗೆ ‘ನಿನ್ನ ಹೆಣಾ ಎತ್ತ, ಎಷ್ಟ್ ದೊಡ್ಡಾಂವ ಆಗಿ’ ಎಂದು ಮುದ್ದಿನಿಂದ ಬರೆದಿದ್ದರು. ಕೊಲೆ ಬೆದರಿಕೆ ಎಂಬ ಗುರುತಿನೊಂದಿಗೆ ಅದು ನನ್ನ ಮುಂದೆ ಬಂತು. ನಾನು ಗದಗದವನಾದ್ದರಿಂದ ಉಳಿಸಿದೆ. ಪಕ್ಕದಲ್ಲಿ ಕುಳಿತಿದ್ದ ಸಹೋದ್ಯೋಗಿಗೆ ಕನ್ನಡ ಬರುತ್ತಿತ್ತು, ಆದರೆ ಉತ್ತರ ಕರ್ನಾಟಕದ ಕನ್ನಡ ಬರುತ್ತಿರಲಿಲ್ಲ. ಅದೇ ದಿನ ಇಂಗ್ಲಿಷ್ ಅಕ್ಷರಗಳಲ್ಲಿ, ನಡುನಡುವೆ ಚುಕ್ಕಿ ಹಾಕಿ ಬರೆದ ಕನ್ನಡದ ನಿಜವಾದ ಬೆದರಿಕೆಗಳು ಯಂತ್ರವನ್ನು ದಾಟಿ ಹೋಗಿದ್ದವು.

ಭಾಷೆಯ ಅಜ್ಞಾನ ಎಷ್ಟು ದೂರ ಕೊಂಡೊಯ್ಯುತ್ತದೆ ಎಂಬುದಕ್ಕೆ ಮ್ಯಾನ್ಮಾರ್ ಇದೆ. 2017ರಲ್ಲಿ ರೋಹಿಂಗ್ಯಾ ಜನರ ಮೇಲೆ ನಡೆದ ಹಿಂಸೆಗೆ ಮುನ್ನ ವರ್ಷಗಟ್ಟಲೆ ಫೇಸ್‌ಬುಕ್‌ನಲ್ಲಿ ಅವರ ವಿರುದ್ಧ ವಿಷ ಹರಿದಾಡಿತ್ತು. ಬರ್ಮೀಸ್ ಓದಬಲ್ಲ ಪರಿಶೀಲಕರು ತೀರ ಕಡಿಮೆ. ಅಲ್ಲಿ ಎಲ್ಲರೂ ಬಳಸುತ್ತಿದ್ದ ಜಾವ್‌ಜಿ ಅಕ್ಷರವಿನ್ಯಾಸ ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಯುನಿಕೋಡ್ ಅಕ್ಷರಕ್ರಮಕ್ಕೆ ಹೊಂದದ್ದರಿಂದ ಯಂತ್ರವೂ ತಡವರಿಸುತ್ತಿತ್ತು. ತಾವು ಸಾಕಷ್ಟು ಮಾಡಲಿಲ್ಲ ಎಂದು ಕಂಪನಿಯೇ 2018ರ ನವೆಂಬರ್‌ನಲ್ಲಿ ಒಪ್ಪಿಕೊಂಡಿತು. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆ ಎಂದವರು 4.37 ಕೋಟಿ ಮಂದಿ. ನಮ್ಮ ಭಾಷೆಗೆ ಎಷ್ಟು ಪರಿಶೀಲಕರಿದ್ದಾರೆ, ಯಾವ ಸೀಮೆಯ ಕನ್ನಡ ಬಲ್ಲವರಿದ್ದಾರೆ ಎಂಬುದನ್ನು ಪ್ರತಿ ಕಂಪನಿಯೂ ಪ್ರಕಟಿಸಬೇಕು ಎಂದು ನಾವು ಕೇಳಬೇಕು. ಯಾವ ಮಾತನ್ನು ತೆಗೆಯಬೇಕು ಎಂಬ ವಾದ ಅದರ ನಂತರದ್ದು.

ಗಡಿನಾಡ ಬೀದರ್:

ನನ್ನ ಜಿಲ್ಲೆಯ ಹೆಸರು ಈ ವಿಷಯದಲ್ಲಿ ಕೆಟ್ಟದ್ದಕ್ಕೆ ನೆನಪಾಗುತ್ತದೆ. 2018ರ ಜುಲೈ 13ರಂದು ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರನ್ನು ಮಕ್ಕಳ ಕಳ್ಳ ಎಂದು ಜನ ಹೊಡೆದು ಕೊಂದರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನದ ಮೂಲ. ವಾಟ್ಸ್‌ಆ್ಯಪ್‌ನಲ್ಲಿ ಹೋದ ಸಂದೇಶ ಅವರ ಕಾರಿಗಿಂತ ಮೊದಲೇ ಮುಂದಿನ ಊರು ತಲುಪಿತ್ತು.

ಅದಕ್ಕೆ ಮೊದಲು 2012ರ ಆಗಸ್ಟ್‌ನಲ್ಲಿ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಈಶಾನ್ಯ ರಾಜ್ಯಗಳವರ ಮೇಲೆ ದಾಳಿಯಾಗಲಿದೆ ಎಂಬ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಸಾವಿರಾರು ಮಂದಿ ಗುವಾಹಟಿ ರೈಲು ಹಿಡಿಯಲು ಸಿಟಿ ರೈಲು ನಿಲ್ದಾಣದಲ್ಲಿ ತುಂಬಿದ್ದರು. ನಮ್ಮ ಪಿ.ಜಿ.ಯಲ್ಲಿದ್ದ ಮಣಿಪುರದ ಹುಡುಗಿ ತಟ್ಟೆಯಲ್ಲಿ ಬಡಿಸಿಕೊಂಡ ಅನ್ನ ಬಿಟ್ಟು ಎದ್ದುಹೋದಳು. ಬಟ್ಟೆ ಒಣಹಾಕಿದ್ದ ಹಗ್ಗದಲ್ಲಿ ಅವಳ ಟವೆಲ್ ಹದಿನೈದು ದಿನ ಹಾಗೇ ಇತ್ತು. ಅವಳನ್ನು ಯಾರೂ ಬೈದಿರಲಿಲ್ಲ. ಹಾಗಾಗಿ ತುಂಗಾತೀರ ಅವರ ಮಾತನ್ನು ನಾನು ಒಪ್ಪುತ್ತೇನೆ.

ಒಂದನ್ನು ಸೇರಿಸುತ್ತೇನೆ. ಎರಡೂ ಸಲ ಮದ್ದನ್ನು ಸಂದೇಶದ ವೇಗದಲ್ಲಿಯೂ ಹುಡುಕಿದರು. 2012ರಲ್ಲಿ ಕೇಂದ್ರ ಸರ್ಕಾರ ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಮಂದಿಗೆ ಎಸ್ಸೆಮ್ಮೆಸ್ ಕಳುಹಿಸುವುದನ್ನು ಹದಿನೈದು ದಿನ ತಡೆಯಿತು. 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗಷ್ಟೇ ಮುಂದೂಡಬಹುದು ಎಂದಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈ ಬದಲಾಯಿಸಿದ ಸಂದೇಶವನ್ನು ಒಂದೇ ಕಡೆಗೆ ಎಂದು ಇಳಿಸಿದ ಮೇಲೆ ಅಂಥವುಗಳ ಹರಿದಾಟ ಶೇ. 70ರಷ್ಟು ತಗ್ಗಿತೆಂದು ಆ ಕಂಪನಿಯೇ ಹೇಳಿತು. ಈ ಮಿತಿಗಳು ಯಾರ ಬಾಯನ್ನೂ ಮುಚ್ಚಿಸಲಿಲ್ಲ. ತಮಟೆಯ ಸದ್ದು ಹತ್ತೂರಿಗೆ ಕೇಳದಂತಾಯಿತು ಅಷ್ಟೇ. ಮಾತನಾಡುವ ಹಕ್ಕು ಬೇರೆ, ಆ ಮಾತನ್ನು ಯಂತ್ರವು ಲಕ್ಷಾಂತರ ಜನರ ಮುಂದೆ ತಾನಾಗಿ ತಳ್ಳಬೇಕು ಎಂಬ ಹಕ್ಕು ಬೇರೆ.

ಶಾಲ್ಮಲಾ, ಧಾರವಾಡ:

ಎಲ್ಲರ ಮಾತನ್ನೂ ಗೌರವದಿಂದ ಓದಿದ್ದೇನೆ. ಆದರೂ ನನ್ನ ಭಯ ಹೇಳಲೇಬೇಕು. 2015ರ ಆಗಸ್ಟ್ 30ರ ಬೆಳಿಗ್ಗೆ ನಮ್ಮ ಊರಿನ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿ ಅವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಅವರ ಸಂಶೋಧನೆಯಿಂದ, ಭಾಷಣದಿಂದ ನಮ್ಮ ಭಾವನೆಗೆ ಧಕ್ಕೆಯಾಗಿದೆ ಎಂಬ ಕೂಗು ವರ್ಷಗಳಿಂದ ಇತ್ತು. ದೂರು ಕೊಟ್ಟವರೆಲ್ಲ ತಾವೇ ನೊಂದವರು ಎಂದೇ ಹೇಳಿಕೊಂಡಿದ್ದರು. ದ್ವೇಷದ ಮಾತು ಎಂಬ ಹಣೆಪಟ್ಟಿಯನ್ನು ಮೊದಲು ಅಂಟಿಸುವವರು ಯಾವಾಗಲೂ ದುರ್ಬಲರೇ ಆಗಿರುತ್ತಾರೆ ಎಂದು ನಂಬಬೇಡಿ. ಠಾಣೆಯ ಮೆಟ್ಟಿಲು ಹತ್ತಲು ಬಲ, ಬಳಗ, ವಕೀಲರು ಬೇಕು. ಅವು ಇರುವವರ ಕೈಗೆ ಈ ಕಾನೂನು ಮೊದಲು ಸಿಗುತ್ತದೆ.

2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ನಮ್ಮ ರಾಜ್ಯದ ಎರಡೂ ಸದನಗಳು ದ್ವೇಷ ಭಾಷಣ ಮತ್ತು ದ್ವೇಷ ಅಪರಾಧ ತಡೆ ವಿಧೇಯಕವನ್ನು ಅಂಗೀಕರಿಸಿದವು. ಮೊದಲ ಸಲಕ್ಕೇ ಒಂದರಿಂದ ಏಳು ವರ್ಷ ಸಜೆ, 50,000 ರೂಪಾಯಿ ದಂಡ, ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಅದರ ವ್ಯಾಖ್ಯಾನದಲ್ಲಿ ದ್ವೇಷ, ವೈಷಮ್ಯದ ಜೊತೆಗೆ ಕೆಟ್ಟ ಭಾವನೆ ಎಂಬುದೂ ಸೇರಿದೆ. ಕೆಟ್ಟ ಭಾವನೆ ಎಂಬುದನ್ನು ಯಾವ ತಕ್ಕಡಿಯಲ್ಲಿ ತೂಗುತ್ತೀರಿ? ಜಾತಿಯ ಕ್ರೌರ್ಯವನ್ನು ಕುರಿತು ಬರೆಯುವ ಯಾವ ಬರಹ ತಾನೇ ಯಾರಲ್ಲೂ ಕೆಟ್ಟ ಭಾವನೆ ಹುಟ್ಟಿಸದೆ ಇರುತ್ತದೆ? ಹನ್ನೆರಡನೆಯ ಶತಮಾನದ ವಚನಗಳಲ್ಲಿ ಪುರೋಹಿತಶಾಹಿಯ ಮೇಲೆ ಇರುವ ಸಿಟ್ಟನ್ನು ಇಂದು ಯಾರಾದರೂ ತಮ್ಮ ಸ್ವಂತ ಮಾತಿನಲ್ಲಿ ಬರೆದರೆ ಅವರ ಗತಿಯೇನು? ತುಂಗಾತೀರ ಅವರ ಗುಂಪಿನ ಆ ಯುವತಿಯನ್ನು ಇಂದು ಯಂತ್ರ ಶಿಕ್ಷಿಸಿದೆ, ನಾಳೆ ಸಬ್ ಇನ್‌ಸ್ಪೆಕ್ಟರ್ ಶಿಕ್ಷಿಸಬಹುದು. ಬಹಿಷ್ಕಾರವನ್ನು ತಡೆಯಿರಿ, ಅದಕ್ಕೆ ನಾನೂ ಕೈಜೋಡಿಸುತ್ತೇನೆ. ಭಾವನೆಯನ್ನು ಕಾಯುವ ಕೆಲಸವನ್ನು ಮಾತ್ರ ಪೊಲೀಸರಿಗೆ ಕೊಡಬೇಡಿ.

ಬರ್ಲಿನ್ ಕನ್ನಡಿಗ:

ಶಾಲ್ಮಲಾ ಅವರ ಭಯಕ್ಕೆ ಇಲ್ಲಿಯೂ ಆಧಾರವಿದೆ. ಜರ್ಮನಿ 2017ರಲ್ಲಿ ತಂದ ಕಾನೂನು, ಎದ್ದು ಕಾಣುವ ಕಾನೂನುಬಾಹಿರ ಬರಹವನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದೂ ಕರ್ತವ್ಯ ಲೋಪಕ್ಕೆ 5 ಕೋಟಿ ಯೂರೊವರೆಗೆ ದಂಡವೆಂದೂ ಹೇಳಿತು. ಅದು ಪೂರ್ತಿಯಾಗಿ ಜಾರಿಯಾದ 2018ರ ಜನವರಿಯಲ್ಲೇ, ದ್ವೇಷ ಕಾರುತ್ತಿದ್ದ ರಾಜಕಾರಣಿಯನ್ನು ಅಣಕಿಸಿದ ‘ಟೈಟಾನಿಕ್’ ಎಂಬ ವಿಡಂಬನ ಪತ್ರಿಕೆಯ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲಾಯಿತು. ದಂಡದ ಭಯವಿದ್ದಾಗ ಕಂಪನಿ ಯೋಚಿಸುವುದಿಲ್ಲ, ಅಳಿಸುತ್ತದೆ. ಈಗ ಯುರೋಪಿನಾದ್ಯಂತ ಇರುವ ಡಿಜಿಟಲ್ ಸೇವಾ ಕಾಯ್ದೆ, ತೆಗೆದ ಪ್ರತಿ ಬರಹಕ್ಕೂ ಕಾರಣ ಬರೆದು ಕೊಡಬೇಕು ಎನ್ನುತ್ತದೆ. ನನ್ನ ದೃಷ್ಟಿಯಲ್ಲಿ ಅದು ದಂಡಕ್ಕಿಂತ ಮುಖ್ಯ.

ಜಾತ್ರೆ ಅಂಗಡಿ:

ನಾನು ಉಡುಪಿ ಕಡೆಯವನು. ನನ್ನ ತಂದೆ ಜಾತ್ರೆಗಳಲ್ಲಿ ಆಟಿಕೆ ಮಾರುತ್ತಿದ್ದರು. 2022ರ ಮಾರ್ಚ್‌ನಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮರಾದ ನಮ್ಮವರಿಗೆ ವ್ಯಾಪಾರವಿಲ್ಲ ಎಂಬ ಬ್ಯಾನರ್ ಹಾಕಿದ್ದು ನಿಮಗೆಲ್ಲ ನೆನಪಿರಬಹುದು. ಬ್ಯಾನರ್ ಒಂದು ಊರಿನಲ್ಲಿತ್ತು, ಅದರ ಫೋಟೊ ಎಲ್ಲ ಊರುಗಳಲ್ಲಿತ್ತು. ಆ ವರ್ಷ ತಂದೆ ಎರಡು ಚೀಲ ಆಟಿಕೆಗಳನ್ನು ಬಸ್ಸಿನಿಂದ ಇಳಿಸದೆ ಹಾಗೆಯೇ ವಾಪಸು ತಂದರು.

ಶಾಲ್ಮಲಾ ಅಕ್ಕ, ನಿಮ್ಮ ಮಾತಿನಲ್ಲಿ ನ್ಯಾಯವಿದೆ. ಆದರೆ ಮಾತಿಗೆ ಮಾತಿನಿಂದಲೇ ಉತ್ತರ ಕೊಡಿ ಎಂದು ಹಲವರು ನಮಗೆ ಹೇಳುತ್ತಾರೆ. ನನ್ನ ತಂದೆ ಆ ಬ್ಯಾನರಿಗೆ ಯಾವ ಮಾತಿನಿಂದ ಉತ್ತರ ಕೊಡಬೇಕಿತ್ತು? ಅದು ಅವರೊಡನೆ ವಾದಕ್ಕೆ ಬಂದಿರಲಿಲ್ಲ. ಅದು ಮಾತನಾಡಿದ್ದು ಅವರ ಗಿರಾಕಿಗಳೊಡನೆ.

ನ್ಯಾಯವಾದಿ, ಮೈಸೂರು:

ಮೇಲಿನ ಸಹೋದರರ ಕೊನೆಯ ಮಾತು ನಾನು ಓದಿದ ಎಷ್ಟೋ ತೀರ್ಪುಗಳಿಗಿಂತ ಸ್ಪಷ್ಟವಾಗಿದೆ. ಬೈಗುಳ ಎದುರಿನವನಿಗೆ, ಡಂಗುರ ಮೂರನೆಯವನಿಗೆ.

ಶಾಲ್ಮಲಾ ಮೇಡಂ ಹೇಳಿದ ಅಪಾಯವೂ ಊಹೆಯಲ್ಲ. ರದ್ದಾದ 66ಎ ಅಡಿಯಲ್ಲಿ ಪೊಲೀಸರು ಇನ್ನೂ ಮೊಕದ್ದಮೆ ಹೂಡುತ್ತಿರುವುದನ್ನು ತಿಳಿದು ಸುಪ್ರೀಂ ಕೋರ್ಟ್ 2021ರಲ್ಲಿ ದಿಗ್ಭ್ರಮೆ ವ್ಯಕ್ತಪಡಿಸಿತ್ತು. 2025ರ ಮಾರ್ಚ್‌ನಲ್ಲಿ ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕವುಳ್ಳ ಜನರ ಅಳತೆಯಲ್ಲಿ ನೋಡಬೇಕೇ ಹೊರತು ಸದಾ ಅಂಜುವ ಮನಸ್ಸಿನವರ ಅಳತೆಯಲ್ಲಲ್ಲ ಎಂದು ಹೇಳಿ, ಒಂದು ಕವನಕ್ಕಾಗಿ ಹೂಡಿದ್ದ ಎಫ್‌ಐಆರ್ ರದ್ದುಪಡಿಸಿತು. ಹೊಸ ವಿಧೇಯಕವೂ ಈ ಅಳತೆಗೆ ನಿಲ್ಲಬೇಕಾಗುತ್ತದೆ. ಕೆಟ್ಟ ಭಾವನೆ ಎಂಬ ಪದ ನಿಲ್ಲುವುದು ಕಷ್ಟ ಎಂದು ನನ್ನ ಅನಿಸಿಕೆ.

ಆ ಯುವತಿಗೆ ತಕ್ಷಣ ಆಗಬೇಕಾದ ಕೆಲಸ ಹೀಗಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ಪ್ರತಿ ದೊಡ್ಡ ಜಾಲತಾಣಕ್ಕೂ ಭಾರತದಲ್ಲಿ ಕುಂದುಕೊರತೆ ಅಧಿಕಾರಿ ಇರಬೇಕು. ಅವರಿಗೆ ಲಿಖಿತ ದೂರು ಕೊಡಲಿ. ಬರಹದ ಉದ್ದೇಶವನ್ನು ಎರಡು ಸಾಲಿನಲ್ಲಿ ವಿವರಿಸಲಿ. ಉತ್ತರ ತೃಪ್ತಿಯಾಗದಿದ್ದರೆ ಮೂವತ್ತು ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಮೇಲ್ಮನವಿ ಸಲ್ಲಿಸಬಹುದು. ವಕೀಲರ ಅಗತ್ಯವಿಲ್ಲ.

ಸಾಲುಮರ:

ಆ ದೂರಿನ ಕರಡು ಬರೆಯಲು ನಾನು ಸಹಾಯ ಮಾಡುತ್ತೇನೆ. ಒಂದು ಕುತೂಹಲ ಸರ್, ಆ ಬಳೆಗಾರರು ಈ ಸಲ ಜಾತ್ರೆಗೆ ಬಂದಿದ್ದರೇ?

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ದೂರು ಸಲ್ಲಿಸಿದ ಹದಿಮೂರನೆಯ ದಿನ ಆ ಯುವತಿಯ ಬರಹ ಮರಳಿ ಬಂದಿದೆ. ಯಾಕೆ ತೆಗೆದರು, ಯಾಕೆ ಮರಳಿಸಿದರು ಎಂಬ ಒಂದು ಸಾಲೂ ಬಂದಿಲ್ಲ. ಇನ್ನು ಮುಂದೆ ನಮ್ಮ ಗುಂಪಿನಲ್ಲಿ ಯಾವುದನ್ನು ತೆಗೆದರೂ ಕಾರಣವನ್ನು ನಮ್ಮ ಹೆಸರು ಹಾಕಿ ಬರೆಯುತ್ತೇವೆ, ಬರೆದವರಿಗೆ ಉತ್ತರಿಸಲು ಅವಕಾಶ ಕೊಡುತ್ತೇವೆ ಎಂದು ತೀರ್ಮಾನಿಸಿದ್ದೇವೆ.

ಗಾಡಿಯ ಫೋಟೊ ಹಾಕಿದ್ದವರನ್ನು ಮನೆಗೆ ಕರೆದು ಮಾತನಾಡಿದೆ. ಅವರು ನನ್ನ ಹಳೆಯ ವಿದ್ಯಾರ್ಥಿ. ‘ನಾನು ಯಾರಿಗೂ ಬೈದಿಲ್ಲವಲ್ಲ ಮೇಷ್ಟ್ರೇ’ ಎಂದರು. ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆ ಎಂದೆ; ನಂಬರ್ ಪ್ಲೇಟ್ ಯಾರಿಗೆ ಬೇಕಿತ್ತು ಎಂದು ಕೇಳಿದೆ. ಅದಕ್ಕೆ ಉತ್ತರ ಕೊಡಲಿಲ್ಲ. ಎರಡು ದಿನ ಬಿಟ್ಟು, ಊರಿನ ಕುಂಬಾರರು, ನೇಕಾರರಿಂದಲೇ ಕೊಳ್ಳಬೇಕೆಂದು ತಮಗೆ ಏಕೆ ಅನ್ನಿಸುತ್ತದೆ ಎಂದು ಬೇರೊಂದು ಬರಹ ಹಾಕಿದರು. ಅದರಲ್ಲಿ ನನಗೆ ಒಪ್ಪಿಗೆಯಾಗದ ಮಾತುಗಳು ಬೇಕಾದಷ್ಟಿವೆ. ಅದನ್ನು ತೆಗೆದಿಲ್ಲ, ಕೆಳಗೆ ನನ್ನ ವಿರೋಧವನ್ನು ಬರೆದಿದ್ದೇನೆ.

ಸಾಲುಮರ ಅವರು ಕೇಳಿದ್ದಕ್ಕೆ: ಬಳೆಗಾರರು ಜಾತ್ರೆಯ ಕೊನೆಯ ದಿನ ಬಂದಿದ್ದರು. ಪ್ರತಿ ವರ್ಷ ನಿಲ್ಲುತ್ತಿದ್ದ ತೇರುಬೀದಿಯಲ್ಲಿ ಅಲ್ಲ, ಬಸ್ ನಿಲ್ದಾಣದ ಹಿಂದೆ ನಿಂತಿದ್ದರು. ಮಗಳು ಎರಡು ಡಜನ್ ಹಸಿರು ಬಳೆ ತೊಡಿಸಿಕೊಂಡಳು. ಗಾಡಿಯ ನಂಬರ್ ಪ್ಲೇಟಿನ ಮೇಲೆ ಹಳೆಯ ಟವೆಲ್ ಒಂದನ್ನು ಇಳಿಬಿಟ್ಟಿದ್ದರು.